ದಂಡ ಕಟ್ಟಿಸಿದರೆ ಸಾಕೇ? ಮೋಸಹೋದ ಗ್ರಾಹಕರಿಗೆ ಹಣ ವಾಪಸು ಕೊಡಿಸುವ ಅಧಿಕಾರದ ಬಗ್ಗೆ ಚರ್ಚೆ

ತುಂಗಾತೀರ (ಚರ್ಚೆ ಆರಂಭಿಸಿದವರು):

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ಕ್ಕೆ ತಿದ್ದುಪಡಿ ಕೋರಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಗೆ ನಮ್ಮ ಬಳಗದಿಂದ ಒಂದು ಮನವಿ ಕಳುಹಿಸಬೇಕೆಂಬ ಉದ್ದೇಶದಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಒಂದು ಸಂಸ್ಥೆಯ ಅನ್ಯಾಯದ ವ್ಯಾಪಾರ ಪದ್ಧತಿಯಿಂದ ಸಾವಿರಾರು ಜನ ಹಣ ಕಳೆದುಕೊಂಡಿದ್ದಾರೆಂದು ತನಿಖೆಯಲ್ಲಿ ಸಾಬೀತಾದಾಗ, ಆ ಹಣವನ್ನು ಅವರಿಗೆ ಹಿಂದಿರುಗಿಸುವಂತೆ ಆದೇಶಿಸುವ ಮತ್ತು ಆ ಆದೇಶವನ್ನು ಜಾರಿಗೊಳಿಸುವ ಸ್ಪಷ್ಟ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ (ಸಿಸಿಪಿಎ) ಇರಬೇಕು ಎಂಬುದು ನನ್ನ ವಾದ.

2022ರ ಆಗಸ್ಟ್‌ನಲ್ಲಿ ಪ್ರಾಧಿಕಾರವು ಅಮೆಜಾನ್ ವಿರುದ್ಧ ನೀಡಿದ ಆದೇಶವನ್ನು ನೋಡಿ. ಗುಣಮಟ್ಟದ ಕಡ್ಡಾಯ ನಿಯಮವನ್ನು ಪಾಲಿಸದ 2,265 ಪ್ರೆಷರ್ ಕುಕ್ಕರ್‌ಗಳು ಆ ಜಾಲತಾಣದ ಮೂಲಕ ಮಾರಾಟವಾಗಿದ್ದವು. ಪ್ರಾಧಿಕಾರ ಒಂದು ಲಕ್ಷ ರೂಪಾಯಿ ದಂಡ ವಿಧಿಸಿತು. ಆ ಮಾರಾಟದಿಂದ ಸಂಸ್ಥೆಗೆ ಸಂದ ಕಮಿಷನ್ ಆರು ಲಕ್ಷ ರೂಪಾಯಿಗೂ ಹೆಚ್ಚು ಎಂಬುದು ಅದೇ ಆದೇಶದಲ್ಲಿ ದಾಖಲಾಗಿದೆ. ದಂಡವೊಂದೇ ಆಗಿದ್ದರೆ, ಅದನ್ನು ಕಟ್ಟಿದ ಮೇಲೂ ಐದು ಲಕ್ಷ ರೂಪಾಯಿ ಲಾಭವೇ ಉಳಿಯುತ್ತಿತ್ತು. ಕೊಂಡವರಿಗೆಲ್ಲ ವಿಷಯ ತಿಳಿಸಿ, ಕುಕ್ಕರ್‌ಗಳನ್ನು ಹಿಂದಕ್ಕೆ ಪಡೆದು, ಬೆಲೆಯನ್ನು ಮರಳಿಸಬೇಕೆಂದು ಹೇಳಿದ್ದರಿಂದಲೇ ಆ ಆದೇಶಕ್ಕೆ ತೂಕ ಬಂದದ್ದು.

ಅಲ್ಲಿ ಬೆಲೆ ಮರಳಿಸಲು ಹೇಳುವುದು ಸುಲಭವಾಯಿತು, ಏಕೆಂದರೆ ಅದು ಸುರಕ್ಷತೆಯ ಪ್ರಶ್ನೆಯಾಗಿತ್ತು. ಕಾಯ್ದೆಯ ಸೆಕ್ಷನ್ 20 ಮೊದಲು ಅಪಾಯಕಾರಿ ಸರಕು ಅಥವಾ ಸೇವೆಯನ್ನು ಹಿಂದಕ್ಕೆ ಪಡೆಯುವ ಬಗ್ಗೆ ಹೇಳುತ್ತದೆ, ಅನಂತರ ಹಾಗೆ ಹಿಂದಕ್ಕೆ ಪಡೆದವುಗಳ ಬೆಲೆಯನ್ನು ಮರಳಿಸುವ ಬಗ್ಗೆ ಹೇಳುತ್ತದೆ, ಕೊನೆಗೆ ಅನ್ಯಾಯದ ಪದ್ಧತಿಗಳನ್ನು ನಿಲ್ಲಿಸುವ ಬಗ್ಗೆ ಹೇಳುತ್ತದೆ. ನಾವು ದಿನನಿತ್ಯ ಹಣ ಕಳೆದುಕೊಳ್ಳುವುದು ಬಹುಪಾಲು ಈ ಮೂರನೆಯ ಬಗೆಯಲ್ಲಿ: ಸುಳ್ಳು ಜಾಹೀರಾತು, ಕೊನೆಯ ಪರದೆಯಲ್ಲಿ ಮಾತ್ರ ಕಾಣಿಸುವ ಶುಲ್ಕ, ರದ್ದು ಮಾಡಲು ದಾರಿಯೇ ಇಲ್ಲದ ಚಂದಾ, ನಗದಿನ ಬದಲು ಕೂಪನ್. ಇವುಗಳನ್ನು ನಿಲ್ಲಿಸಿ ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿಯವರೆಗೆ ವಸೂಲಾದದ್ದನ್ನು ಮರಳಿಸಿ ಎಂದು ಅಷ್ಟೇ ಸ್ಪಷ್ಟವಾಗಿ ಹೇಳುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಸೆಕ್ಷನ್ 21ರಡಿ ಹತ್ತು ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡವಿದೆ. ಅದರಲ್ಲಿ ಒಂದು ರೂಪಾಯಿಯೂ ಜಾಹೀರಾತನ್ನು ನಂಬಿ ಹಣ ಕೊಟ್ಟವರ ಕೈಸೇರುವುದಿಲ್ಲ.

ಪ್ರಾಧಿಕಾರ ಕೈಕಟ್ಟಿ ಕುಳಿತಿದೆ ಎಂದು ನಾನು ಹೇಳುತ್ತಿಲ್ಲ. 2024ರ ಅಕ್ಟೋಬರ್‌ನಲ್ಲಿ ಓಲಾ ಸಂಸ್ಥೆಗೆ, ಮರುಪಾವತಿ ಬ್ಯಾಂಕ್ ಖಾತೆಗೆ ಬೇಕೋ ಕೂಪನ್ ಬೇಕೋ ಎಂಬ ಆಯ್ಕೆಯನ್ನು ಗ್ರಾಹಕರಿಗೇ ಕೊಡಬೇಕೆಂದು ಹೇಳಿತು. 2025ರ ಆಗಸ್ಟ್‌ನಲ್ಲಿ ರ‍್ಯಾಪಿಡೊ ಪ್ರಕರಣದಲ್ಲಿ ಹತ್ತು ಲಕ್ಷ ದಂಡದ ಜೊತೆಗೆ, ಐದು ನಿಮಿಷದಲ್ಲಿ ಆಟೊ ಬರದಿದ್ದರೆ ಐವತ್ತು ರೂಪಾಯಿ ಕೊಡುತ್ತೇವೆಂಬ ಮಾತನ್ನು ನಂಬಿ ಅದನ್ನು ಪಡೆಯದವರಿಗೆಲ್ಲ ಆ ಮೊತ್ತ ಪಾವತಿಸಬೇಕೆಂದು ಆದೇಶಿಸಿತು. ಇವು ನಿಜಕ್ಕೂ ಒಳ್ಳೆಯ ಆದೇಶಗಳು. ಆದರೆ ಇಂಥವು ನಿಂತಿರುವುದು ಅಗತ್ಯವೆನಿಸುವ ಆದೇಶ ಹೊರಡಿಸಬಹುದು ಎಂಬ, ಸೆಕ್ಷನ್ 20ರ ಆರಂಭದ ಸಾಮಾನ್ಯ ಮಾತಿನ ಆಧಾರದ ಮೇಲೆ. ಆ ಆಧಾರ ಎಷ್ಟು ಕಾಲ ತಾಳುತ್ತದೆ ಎಂಬುದೇ ನನ್ನ ಆತಂಕ. ಕಾನೂನು ಬಲ್ಲವರು ದಯವಿಟ್ಟು ತಿಳಿಸಿ.

ವಕೀಲಮಿತ್ರ:

ತುಂಗಾತೀರ ಅವರೇ, ನಿಮ್ಮ ಆತಂಕಕ್ಕೆ ಆಧಾರವಿದೆ. ಇಂಥದೇ ಒಂದು ಆಧಾರ ಅಮೆರಿಕದಲ್ಲಿ ಕುಸಿದದ್ದನ್ನು ನಾವು ನೋಡಿದ್ದೇವೆ.

ವ್ಯಾಪಾರದಲ್ಲಿನ ಮೋಸವನ್ನು ತಡೆಯುವ ಅಲ್ಲಿನ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್‌ನ ಕಾಯ್ದೆಗೆ 1973ರಲ್ಲಿ ಸೆಕ್ಷನ್ 13(ಬಿ) ಸೇರಿತು. ಆಯೋಗವು ನೇರವಾಗಿ ನ್ಯಾಯಾಲಯಕ್ಕೆ ಹೋಗಿ ಶಾಶ್ವತ ಪ್ರತಿಬಂಧಕಾಜ್ಞೆ (ತಪ್ಪನ್ನು ಮುಂದುವರಿಸದಂತೆ ತಡೆಯುವ ಆಜ್ಞೆ) ಪಡೆಯಬಹುದು ಎಂದಷ್ಟೇ ಅದರಲ್ಲಿತ್ತು. ಹಣದ ಮಾತು ಎಲ್ಲಿಯೂ ಇರಲಿಲ್ಲ. ಆದರೂ ಪ್ರತಿಬಂಧಕಾಜ್ಞೆ ನೀಡುವ ನ್ಯಾಯಾಲಯಕ್ಕೆ, ಮೋಸದಿಂದ ಪಡೆದದ್ದನ್ನು ಮರಳಿಸುವಂತೆ ಹೇಳುವ ಅಧಿಕಾರವೂ ಇದ್ದೇ ಇರುತ್ತದೆ ಎಂದು ಕೆಳಹಂತದ ನ್ಯಾಯಾಲಯಗಳು ದಶಕಗಳ ಕಾಲ ಒಪ್ಪಿಕೊಂಡು ಬಂದವು. ಈ ದಾರಿಯಲ್ಲಿ ಐದು ವರ್ಷಗಳಲ್ಲಿ 1,120 ಕೋಟಿ ಡಾಲರ್ ಹಣ ಸುಮಾರು ಒಂದು ಕೋಟಿ ಗ್ರಾಹಕರಿಗೆ ಮರಳಿದೆ ಎಂದು ಆಯೋಗವೇ ಹೇಳಿಕೊಂಡಿತ್ತು. ಆಮೇಲೆ ಸ್ಕಾಟ್ ಟಕರ್ ಎಂಬಾತನ ಅಲ್ಪಾವಧಿ ಸಾಲದ ವ್ಯವಹಾರದ ಪ್ರಕರಣ ಬಂತು. ಸಾಲದ ಷರತ್ತುಗಳನ್ನು ಮರೆಮಾಚಿ ಜನರಿಂದ ಹೆಚ್ಚು ಹಣ ವಸೂಲು ಮಾಡಿದ್ದಕ್ಕಾಗಿ 127 ಕೋಟಿ ಡಾಲರ್ ಮರಳಿಸುವಂತೆ ಆದೇಶವಾಗಿತ್ತು. 2021ರ ಏಪ್ರಿಲ್ 22ರಂದು, ಎಎಂಜಿ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ, ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಸೆಕ್ಷನ್ 13(ಬಿ) ಹಣ ಮರಳಿಸುವ ಅಧಿಕಾರವನ್ನು ಕೊಡುವುದಿಲ್ಲ ಎಂದು ಒಮ್ಮತದಿಂದ ಹೇಳಿದರು. ತೀರ್ಪು ಬರೆದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್. ಹಣ ಮರಳಿಸುವುದಕ್ಕೆ ಅದೇ ಕಾಯ್ದೆಯ ಸೆಕ್ಷನ್ 19ರಲ್ಲಿ ಬೇರೆ ದಾರಿಯಿದೆ, ಅದಕ್ಕೆ ಷರತ್ತುಗಳಿವೆ, ಆ ಷರತ್ತುಗಳನ್ನು ಬದಿಗಿಟ್ಟು ಅಡ್ಡದಾರಿ ಹಿಡಿಯುವಂತಿಲ್ಲ, ಅಧಿಕಾರ ಬೇಕೆಂದರೆ ಶಾಸನಸಭೆಯನ್ನೇ ಕೇಳಬೇಕು ಎಂಬುದು ಅದರ ಸಾರ. ಅದೇ ವರ್ಷ ಜುಲೈನಲ್ಲಿ ಕೆಳಮನೆ ಆ ಅಧಿಕಾರವನ್ನು ಮರಳಿ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ.

ನಮ್ಮ ಸೆಕ್ಷನ್ 20 ಅದಕ್ಕಿಂತ ಗಟ್ಟಿಯಾಗಿದೆ ಎಂಬುದನ್ನು ಒಪ್ಪುತ್ತೇನೆ. ಮೂರು ಬಗೆಯ ಆದೇಶಗಳನ್ನು ಹೆಸರಿಸುವ ಮೊದಲು, ಇವೂ ಸೇರಿದಂತೆ ಅಗತ್ಯವಾದ ಆದೇಶ ಎಂದು ಅದು ಹೇಳುತ್ತದೆ. ಆದರೆ ಎದುರು ಪಕ್ಷದ ವಕೀಲರು ಏನು ಹೇಳುತ್ತಾರೆಂದು ಊಹಿಸುವುದು ಕಷ್ಟವಲ್ಲ. ಬೆಲೆ ಮರಳಿಸುವ ವಿಷಯವನ್ನು ಸಂಸತ್ತು ಮರೆತಿರಲಿಲ್ಲ, ಅದನ್ನು ಯೋಚಿಸಿಯೇ ಹಿಂದಕ್ಕೆ ಪಡೆದ ಸರಕು ಸೇವೆಗಳಿಗೆ ಮಾತ್ರ ಸೀಮಿತಗೊಳಿಸಿದೆ, ಹೀಗೆ ಸೀಮಿತಗೊಳಿಸಿದ್ದನ್ನು ಸಾಮಾನ್ಯ ಪದಗಳ ಮೂಲಕ ಹಿಗ್ಗಿಸಬಾರದು ಎಂದು ಅವರು ವಾದಿಸುತ್ತಾರೆ. ಇದು ತಳ್ಳಿಹಾಕುವಂಥ ವಾದವಲ್ಲ. ಹೋಟೆಲುಗಳು ಬಿಲ್ಲಿಗೆ ಸೇರಿಸುವ ಸೇವಾ ಶುಲ್ಕದ ಬಗ್ಗೆ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳ ವಿಷಯದಲ್ಲಿ 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಪ್ರಾಧಿಕಾರದ ಪರವಾಗಿ ನಿಂತಿತು, ನಿಜ. ಆದರೆ ಅದು ಮಾರ್ಗಸೂಚಿ ಹೊರಡಿಸುವ ಅಧಿಕಾರದ ಪ್ರಶ್ನೆ. ದೊಡ್ಡ ಮೊತ್ತದ ಮರುಪಾವತಿ ಆದೇಶವೊಂದು ಮೇಲಿನ ನ್ಯಾಯಾಲಯದಲ್ಲಿ ಪರೀಕ್ಷೆಗೆ ಒಳಗಾಗುವವರೆಗೆ ಕಾಯದೆ, ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ವಿವೇಕ.

ಸಣ್ಣ ಉದ್ಯಮಿ:

ನಾನು ಮನೆಬಳಕೆಯ ಉಪಕರಣಗಳನ್ನು ತಯಾರಿಸುವ ಒಂದು ಚಿಕ್ಕ ಘಟಕ ನಡೆಸುತ್ತೇನೆ. ಮೇಲಿನ ಇಬ್ಬರ ಕಾಳಜಿಯನ್ನು ಗೌರವಿಸುತ್ತಲೇ ಇನ್ನೊಂದು ಬದಿಯನ್ನು ಹೇಳಬೇಕಾಗಿದೆ.

ಪ್ರಾಧಿಕಾರದ ತನಿಖಾ ವಿಭಾಗ ಪ್ರಾಧಿಕಾರದ ಅಧೀನದಲ್ಲೇ ಇದೆ. ತನಿಖೆ ಮಾಡುವವರು, ಆಪಾದನೆ ಹೊರಿಸುವವರು, ತೀರ್ಮಾನ ಕೊಡುವವರು ಎಲ್ಲರೂ ಒಂದೇ ಸೂರಿನಡಿ ಇರುವಾಗ, ಹತ್ತು ಲಕ್ಷ ದಂಡದ ಮಿತಿಯಾದರೂ ನಮ್ಮಂಥವರಿಗೆ ಒಂದು ರಕ್ಷಣೆ. ದಂಡ ಕಟ್ಟಿ ಮುಂದಿನ ವರ್ಷ ಚೇತರಿಸಿಕೊಳ್ಳಬಹುದು. ಎರಡು ವರ್ಷದ ಮಾರಾಟದ ಬೆಲೆಯನ್ನೆಲ್ಲ ಮರಳಿಸಿ ಎಂದರೆ ಘಟಕ ಮುಚ್ಚುತ್ತದೆ, ಕೆಲಸಗಾರರು ಬೀದಿಗೆ ಬೀಳುತ್ತಾರೆ. ಜಾಹೀರಾತಿನ ಒಂದು ಸಾಲಿನಲ್ಲಿ ಉತ್ಪ್ರೇಕ್ಷೆ ಇತ್ತೆಂದು, ಮೂರು ವರ್ಷ ಚೆನ್ನಾಗಿ ನಡೆದ ಮಿಕ್ಸರಿನ ಪೂರ್ತಿ ಬೆಲೆ ವಾಪಸು ಕೊಡುವುದು ನ್ಯಾಯವೇ?

ಇನ್ನೊಂದು ಮಾತು. ನಷ್ಟ ತುಂಬಿಕೊಡಲೆಂದೇ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಗ್ರಾಹಕ ಆಯೋಗಗಳಿವೆ. ಐದು ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ. ಒಂದೇ ಬಗೆಯ ತೊಂದರೆಗೆ ಒಳಗಾದವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಬಹುದು. ಸೆಕ್ಷನ್ 35ರಡಿ ಪ್ರಾಧಿಕಾರವೇ ದೂರುದಾರನಾಗಿ ಆಯೋಗದ ಮುಂದೆ ಹೋಗಬಹುದು. ಇರುವ ದಾರಿಗಳನ್ನು ಬಳಸದೆ ಹೊಸ ಅಧಿಕಾರ ಏಕೆ ಕೇಳಬೇಕು?

ತುಂಗಾತೀರ:

ಸಣ್ಣ ಉದ್ಯಮಿಗಳೇ, ಮಿಕ್ಸರಿನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ವಕೀಲಮಿತ್ರರು ಉತ್ತರಿಸಲಿ. ಇರುವ ದಾರಿಗಳ ಬಗ್ಗೆ ಮಾತ್ರ ನಾನು ಹೇಳುತ್ತೇನೆ.

ಶುಲ್ಕ ಇಲ್ಲದಿದ್ದರೂ ಜಿಲ್ಲಾ ಆಯೋಗಕ್ಕೆ ಹೋಗುವುದೆಂದರೆ ದೂರು ಬರೆಸಬೇಕು, ಪ್ರಮಾಣಪತ್ರ ಮಾಡಿಸಬೇಕು, ವಾಯಿದೆಯಿಂದ ವಾಯಿದೆಗೆ ಅಲೆಯಬೇಕು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದಲ್ಲಿ ಐದು ತಿಂಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ, ವಾಸ್ತವ ಏನೆಂಬುದು ಅಲ್ಲಿಗೆ ಹೋಗಿಬಂದವರಿಗೆ ಗೊತ್ತು. ಐವತ್ತು ರೂಪಾಯಿಗಾಗಿ ಒಂದು ದಿನದ ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಒಬ್ಬೊಬ್ಬರದೂ ಚಿಕ್ಕ ನಷ್ಟ, ಒಟ್ಟು ಮಾತ್ರ ದೊಡ್ಡ ಲಾಭ ಎಂಬುದೇ ಈ ಬಗೆಯ ಅನ್ಯಾಯದ ಮೂಲ ಲೆಕ್ಕಾಚಾರ. ಯಾರೂ ಬರುವುದಿಲ್ಲವೆಂಬ ಖಾತ್ರಿಯ ಮೇಲೆಯೇ ಅದು ನಡೆಯುತ್ತದೆ.

ಸರ್ಕಾರವೇ ದೂರುದಾರನಾದ ಪ್ರಸಿದ್ಧ ಪ್ರಕರಣ ಮ್ಯಾಗಿಯದು. 2015ರಲ್ಲಿ ಕೇಂದ್ರ ಸರ್ಕಾರ ಹಳೆಯ ಕಾಯ್ದೆಯಡಿ ಸುಮಾರು 640 ಕೋಟಿ ರೂಪಾಯಿ ಕೋರಿ ರಾಷ್ಟ್ರೀಯ ಆಯೋಗದ ಮುಂದೆ ನೆಸ್ಲೆ ವಿರುದ್ಧ ದೂರು ಸಲ್ಲಿಸಿತು. ಆಯೋಗ ಅದನ್ನು ವಜಾ ಮಾಡಿದ್ದು 2024ರ ಏಪ್ರಿಲ್‌ನಲ್ಲಿ. ಸರ್ಕಾರದ ಆಪಾದನೆ ಸರಿಯಿತ್ತೆಂದು ನಾನು ಹೇಳಲು ಹೊರಟಿಲ್ಲ, ಆಯೋಗ ಅದನ್ನು ಒಪ್ಪಲಿಲ್ಲ. ಹೌದು ಅಥವಾ ಇಲ್ಲ ಎಂದು ತಿಳಿಯಲು ಒಂಬತ್ತು ವರ್ಷ ಬೇಕಾಯಿತು ಎಂಬುದಷ್ಟೇ ನನ್ನ ಮಾತು. ಆ ಒಂಬತ್ತು ವರ್ಷ ಕಂಪನಿಗೂ ಒಳ್ಳೆಯದಲ್ಲ.

ಹಾಗೆಯೇ ಸೆಕ್ಷನ್ 39ರಲ್ಲಿ ಒಂದು ಉಪಯುಕ್ತ ಅವಕಾಶವಿದೆ. ಸುಲಭವಾಗಿ ಗುರುತಿಸಲಾಗದ ಬಹಳಷ್ಟು ಗ್ರಾಹಕರಿಗೆ ನಷ್ಟವಾಗಿದ್ದರೆ, ಮಾರಾಟದ ಮೌಲ್ಯದ ಶೇಕಡಾ 25ಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಕಟ್ಟುವಂತೆ ಆಯೋಗ ಹೇಳಬಹುದು. 1986ರ ಕಾಯ್ದೆಯಲ್ಲಿ ಇದು ಶೇಕಡಾ 5 ಇತ್ತು. ಅಂದರೆ ಸಂಸತ್ತಿಗೆ ಈ ಸಮಸ್ಯೆ ಗೊತ್ತಿದೆ, ಅದನ್ನು ಗಂಭೀರವಾಗಿಯೂ ತೆಗೆದುಕೊಂಡಿದೆ. ತನಿಖೆ ನಡೆಸುವ ಪ್ರಾಧಿಕಾರದ ಕೈಗೆ ಮಾತ್ರ ಇದಕ್ಕೆ ಸಮನಾದದ್ದನ್ನು ಕೊಟ್ಟಿಲ್ಲ.

ನಿವೃತ್ತ ಶಿರಸ್ತೇದಾರ:

ಎಲ್ಲರೂ ಆದೇಶದ ಬಗ್ಗೆಯೇ ಬರೆಯುತ್ತಿದ್ದೀರಿ. ಆದೇಶ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಕಂದಾಯ ಇಲಾಖೆಯಲ್ಲಿದ್ದವನಾಗಿ ನಾನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮನೆ, ಫ್ಲ್ಯಾಟುಗಳ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಸೆಕ್ಷನ್ 40ರ ಪ್ರಕಾರ, ಬಿಲ್ಡರ್ ಮರಳಿಸಬೇಕಾದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಕೇಳಲು ಇದಕ್ಕಿಂತ ಬಲವಾದ ಮಾತಿಲ್ಲ. ನಡೆಯುವುದು ಹೀಗೆ. ವಸೂಲಾತಿ ಪ್ರಮಾಣಪತ್ರ ಜಿಲ್ಲಾಧಿಕಾರಿಗಳ ಕಚೇರಿಗೆ ಬರುತ್ತದೆ, ಅಲ್ಲಿಂದ ತಹಶೀಲ್ದಾರರಿಗೆ, ತಹಶೀಲ್ದಾರರಿಂದ ಕಂದಾಯ ನಿರೀಕ್ಷಕರಿಗೆ ಇಳಿಯುತ್ತದೆ. ಅದರಲ್ಲಿ ಕಂಪನಿಯ ಹೆಸರು ಮತ್ತು ನೋಂದಾಯಿತ ವಿಳಾಸ ಇರುತ್ತದೆ, ಆಸ್ತಿಯ ವಿವರ ಇರುವುದಿಲ್ಲ. ನಿರೀಕ್ಷಕರು ವಿಳಾಸಕ್ಕೆ ಹೋದರೆ ಬಾಗಿಲಿಗೆ ಬೀಗ ಹಾಕಿರುತ್ತದೆ, ಇಲ್ಲವೇ ಬೇರೆ ಯಾರೋ ಬಾಡಿಗೆಗೆ ಇರುತ್ತಾರೆ. ಯೋಜನೆಯ ಜಮೀನನ್ನು ಹುಡುಕಿ ಋಣಭಾರ ಪ್ರಮಾಣಪತ್ರ ತೆಗೆಸಿದರೆ ಬ್ಯಾಂಕಿಗೆ ಅಡಮಾನವಾಗಿರುವುದು ತಿಳಿಯುತ್ತದೆ. ಫ್ಲ್ಯಾಟುಗಳಲ್ಲಿ ಮುಕ್ಕಾಲು ಪಾಲು ಬೇರೆಯವರ ಹೆಸರಿಗೆ ನೋಂದಣಿಯಾಗಿರುತ್ತದೆ. ಬ್ಯಾಂಕ್ ಖಾತೆಗೆ ನೋಟಿಸು ಕೊಟ್ಟರೆ ಕೆಲವು ಸಾವಿರ ರೂಪಾಯಿ ಬಾಕಿ ತೋರಿಸುತ್ತದೆ. ನಿರ್ದೇಶಕರ ಸ್ವಂತ ಆಸ್ತಿಯನ್ನು ಮುಟ್ಟಲು ಆದೇಶದಲ್ಲಿ ಅವಕಾಶವಿರುವುದಿಲ್ಲ. ಕೊನೆಗೆ ಜಪ್ತಿ ಮಾಡಬಹುದಾದ ಆಸ್ತಿ ಕಂಡುಬಂದಿರುವುದಿಲ್ಲ ಎಂಬ ಷರಾ ಬರೆದು ಕಡತವನ್ನು ಮೇಲಕ್ಕೆ ಹಿಂದಿರುಗಿಸುತ್ತಾರೆ. ಇದರ ನಡುವೆ ಅದೇ ನಿರೀಕ್ಷಕರಿಗೆ ಚುನಾವಣೆಯ ಕೆಲಸ, ಬೆಳೆಹಾನಿಯ ಸಮೀಕ್ಷೆ, ಪಿಂಚಣಿ ಅದಾಲತ್ ಎಲ್ಲವೂ ಇರುತ್ತವೆ. ಅವರನ್ನು ದೂರುವುದರಿಂದ ಪ್ರಯೋಜನವಿಲ್ಲ, ವಸೂಲಾತಿ ಅವರ ಹತ್ತು ಕೆಲಸಗಳಲ್ಲಿ ಹನ್ನೊಂದನೆಯದು.

ಫ್ಲ್ಯಾಟಿನ ಹಣ ಕಟ್ಟಿದ ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ಪರವಾದ ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟುಕೊಂಡು ನಮ್ಮ ಕಚೇರಿಗೆ ಬರುತ್ತಿದ್ದರು. ಆದೇಶದಲ್ಲಿ ಬಡ್ಡಿಯ ದರವೂ ಸೇರಿ ಎಲ್ಲವೂ ಸರಿಯಾಗಿತ್ತು. ಕಂಪನಿಯ ಹಣ ಎಲ್ಲಿದೆ ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ತನಿಖೆ ಆರಂಭವಾದ ಹೊತ್ತಿಗೇ ಹಣ ಸರಿದುಹೋಗದಂತೆ ತಡೆಯುವ ಅವಕಾಶ ಕೇಳಿ. ವಸೂಲಿಯನ್ನು ಕಂದಾಯ ಇಲಾಖೆಯ ತಲೆಗೆ ಕಟ್ಟದೆ, ಪ್ರಾಧಿಕಾರಕ್ಕೇ ಸ್ವಂತ ವಸೂಲಾತಿ ಅಧಿಕಾರಿಗಳನ್ನು ಕೇಳಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಕಾಯ್ದೆಯ ಸೆಕ್ಷನ್ 28ಎ ಅಡಿಯಲ್ಲಿ ಸೆಬಿಯ ವಸೂಲಾತಿ ಅಧಿಕಾರಿಗಳು ಬ್ಯಾಂಕ್ ಖಾತೆ ಮತ್ತು ಆಸ್ತಿಗಳನ್ನು ನೇರವಾಗಿ ಜಪ್ತಿ ಮಾಡುತ್ತಾರೆ. ಸಿಸಿಪಿಎ ಆದೇಶವನ್ನು ಪಾಲಿಸದಿದ್ದರೆ ಸೆಕ್ಷನ್ 88ರಡಿ ಆರು ತಿಂಗಳವರೆಗೆ ಜೈಲು ಅಥವಾ ಇಪ್ಪತ್ತು ಲಕ್ಷದವರೆಗೆ ಜುಲ್ಮಾನೆ ಎಂದಿದೆ. ಅದಕ್ಕೆ ಮೊಕದ್ದಮೆ ಹೂಡಿ ಸಾಬೀತುಪಡಿಸಬೇಕು. ಶಿಕ್ಷೆಯಾದರೂ ಗ್ರಾಹಕರ ಖಾತೆಗೆ ಹಣ ಬೀಳುವುದಿಲ್ಲ.

ಹೊಸಪೇಟೆಯ ಓದುಗ:

ಶಿರಸ್ತೇದಾರರ ಬರಹ ಓದಿ ಮನಸ್ಸು ಭಾರವಾಯಿತು. ನನ್ನ ಅನುಭವ ಚಿಕ್ಕದು. ಮಗಳನ್ನು ಸೇರಿಸಿದ್ದ ಒಂದು ಕೋಚಿಂಗ್ ಸಂಸ್ಥೆ ಆ ಶಾಖೆಯನ್ನು ನಡುವರ್ಷದಲ್ಲಿ ಮುಚ್ಚಿತು. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ರಸೀದಿಗಳನ್ನು ಕಳುಹಿಸಿದೆ, ಉಳಿದ ತಿಂಗಳುಗಳ ಶುಲ್ಕ ಮರಳಿ ಬಂತು. ಸಹಾಯವಾಣಿಯವರು ತುಂಬ ತಾಳ್ಮೆಯಿಂದ ನಡೆದುಕೊಂಡರು. ಆದರೆ ಅದೇ ತರಗತಿಯಲ್ಲಿದ್ದ ಉಳಿದ ಮಕ್ಕಳ ತಂದೆತಾಯಿಗಳಲ್ಲಿ ಹೆಚ್ಚಿನವರು ಕರೆ ಮಾಡಲಿಲ್ಲ, ಅವರಿಗೆ ಏನೂ ಬರಲಿಲ್ಲ. ಒಂದೇ ತಪ್ಪಿಗೆ ಒಬ್ಬರಿಗೆ ಪರಿಹಾರ, ನಲವತ್ತು ಮಂದಿಗೆ ಬರಿಗೈ ಎಂಬುದು ಸರಿಯೆನಿಸುವುದಿಲ್ಲ. ಕೇಳಿದವರಿಗೆ ಮಾತ್ರವಲ್ಲದೆ ಎಲ್ಲರಿಗೂ ಕೊಡಿ ಎನ್ನುವ ಅಧಿಕಾರ ಯಾರಿಗಾದರೂ ಇರಲೇಬೇಕು.

ಗಣಕಿಗ:

ಹೊಸಪೇಟೆಯವರು ಹೇಳಿದ್ದು ಈಗ ತಾಂತ್ರಿಕವಾಗಿ ಕಷ್ಟದ ಕೆಲಸವೇ ಅಲ್ಲ. ನಾನು ಪಾವತಿ ವ್ಯವಸ್ಥೆಗಳ ತಂತ್ರಾಂಶದಲ್ಲಿ ಕೆಲಸ ಮಾಡುವವನು. ಯುಪಿಐ ಇರಲಿ, ಕಾರ್ಡ್ ಇರಲಿ, ಪ್ರತಿ ವಹಿವಾಟಿಗೂ ಒಂದು ಸಂಖ್ಯೆಯಿದೆ, ಹಣ ಯಾವ ಖಾತೆಯಿಂದ ಬಂತೆಂಬ ದಾಖಲೆಯಿದೆ. ಬಂದ ದಾರಿಯಲ್ಲೇ ಹಣವನ್ನು ಹಿಂದಕ್ಕೆ ಕಳುಹಿಸುವ ವ್ಯವಸ್ಥೆ ದಿನವೂ ಲಕ್ಷಾಂತರ ಬಾರಿ ನಡೆಯುತ್ತಿದೆ. ಆನ್‌ಲೈನ್ ವ್ಯಾಪಾರದಲ್ಲಿ ಗ್ರಾಹಕರನ್ನು ಹುಡುಕುವ ಅಗತ್ಯವೇ ಇಲ್ಲ, ಪಟ್ಟಿ ಕಂಪನಿಯ ಬಳಿಯೇ ಇದೆ.

ಅರ್ಜಿ ಕೇಳುವ ಪದ್ಧತಿಯ ಮಿತಿ ಏನೆಂಬುದಕ್ಕೆ ಸಹಾರಾ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಹೂಡಿಕೆದಾರರ ಹಣವನ್ನು ಶೇಕಡಾ 15ರ ಬಡ್ಡಿಯೊಂದಿಗೆ ಮರಳಿಸಬೇಕೆಂದು ಸುಪ್ರೀಂ ಕೋರ್ಟ್ 2012ರ ಆಗಸ್ಟ್ 31ರಂದು ಹೇಳಿತು. ಹತ್ತು ವರ್ಷ ಕಳೆದ ಮೇಲೂ ಸೆಬಿಯ ಮೂಲಕ ಹೂಡಿಕೆದಾರರಿಗೆ ಸಂದಿದ್ದ ಮೊತ್ತ ಸುಮಾರು 138 ಕೋಟಿ ರೂಪಾಯಿ, ಖಾತೆಯಲ್ಲಿದ್ದದ್ದು ಸಾವಿರಾರು ಕೋಟಿ. ಕಾಗದಪತ್ರಗಳು ತಾಳೆಯಾಗದಿರುವುದು, ಅರ್ಜಿಗಳೇ ಬಾರದಿರುವುದು, ಹೀಗೆ ಇದಕ್ಕೆ ಬೇರೆ ಬೇರೆ ಕಾರಣಗಳಿದ್ದವು. ವಸೂಲಾದ ಹಣ ಬಡವರ ಕೈಸೇರದೆ ಖಾತೆಯಲ್ಲೇ ಉಳಿಯಿತು.

ಅಮೆರಿಕದ ಆಯೋಗ ಎಷ್ಟೋ ಪ್ರಕರಣಗಳಲ್ಲಿ ಕಂಪನಿಯ ದಾಖಲೆಯಿಂದಲೇ ಹೆಸರು ವಿಳಾಸ ಪಡೆದು, ಅರ್ಜಿಯನ್ನೇ ಕೇಳದೆ ಚೆಕ್ ಕಳುಹಿಸುತ್ತದೆ. ನಮ್ಮಲ್ಲಿಯೂ ಕೋವಿಡ್ ಕಾಲದ ವಿಮಾನ ಟಿಕೆಟ್‌ಗಳ ವಿಷಯದಲ್ಲಿ ಪ್ರಾಧಿಕಾರ ಬಾಕಿಯ ಪಟ್ಟಿ ಹಿಡಿದೇ ಕೆಲಸ ಮಾಡಿತು. ಯಾತ್ರಾ ಜಾಲತಾಣದಲ್ಲಿ 2021ರಲ್ಲಿ 26 ಕೋಟಿ ರೂಪಾಯಿಗೂ ಹೆಚ್ಚಿದ್ದ ಬಾಕಿ ಮರುಪಾವತಿ 2024ರ ಜೂನ್ ವೇಳೆಗೆ ಸುಮಾರು ಎರಡೂವರೆ ಕೋಟಿಗೆ ಇಳಿದಿತ್ತು. ಉಳಿದದ್ದನ್ನೂ ಕೊಟ್ಟು ಮುಗಿಸಲು, ಗ್ರಾಹಕರಿಗೆ ತಾವಾಗಿಯೇ ಕರೆ ಮಾಡಿ ತಿಳಿಸಲು ಪ್ರಾಧಿಕಾರ ಆಗ ಆದೇಶಿಸಿತು. ಆದ್ದರಿಂದ ಮನವಿಯಲ್ಲಿ ಒಂದು ಅಂಶ ಸೇರಲಿ: ತನಿಖೆಯ ನೋಟಿಸು ತಲುಪಿದ ದಿನದಿಂದ ವಹಿವಾಟಿನ ದಾಖಲೆಗಳನ್ನು ಅಳಿಸಬಾರದು, ತೊಂದರೆಗೊಳಗಾದವರ ಪಟ್ಟಿ ಸಿದ್ಧಪಡಿಸಿ ಕೊಡುವ ಹೊಣೆ ಕಂಪನಿಯದೇ ಆಗಿರಬೇಕು.

ವಕೀಲಮಿತ್ರ:

ಸಣ್ಣ ಉದ್ಯಮಿಗಳ ಮಿಕ್ಸರಿಗೆ ಮರಳುತ್ತೇನೆ, ಏಕೆಂದರೆ ಈ ಅಧಿಕಾರ ನ್ಯಾಯಾಲಯದಲ್ಲಿ ಉಳಿಯುವುದೂ ಬೀಳುವುದೂ ಆ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ನಿಂತಿದೆ.

ಮರಳಿಸಬೇಕಾದದ್ದು ಮಾರಾಟದ ಪೂರ್ತಿ ಬೆಲೆಯೇ, ಕಂಪನಿಯ ಲಾಭವೇ, ಗ್ರಾಹಕನ ನಷ್ಟವೇ? ಅಮೆರಿಕದಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕರಿಗೆ ಸಂಬಂಧಿಸಿದ ಲಿಯು ಪ್ರಕರಣದಲ್ಲಿ, 2020ರಲ್ಲಿ, ಕಕ್ಕಿಸುವ ಮೊತ್ತ ತಪ್ಪಿತಸ್ಥನ ನಿವ್ವಳ ಲಾಭವನ್ನು ಮೀರಬಾರದು, ಅದು ಸಂತ್ರಸ್ತರಿಗೆ ಸಲ್ಲುವಂತಿರಬೇಕು ಎಂದು ತೀರ್ಮಾನವಾಯಿತು. ನನ್ನ ಮಟ್ಟಿಗೆ ಗ್ರಾಹಕರ ಕಾನೂನಿನಲ್ಲಿ ಅಳತೆಗೋಲು ಗ್ರಾಹಕನ ನಷ್ಟವೇ ಆಗಿರಬೇಕು. ರ‍್ಯಾಪಿಡೊ ಆದೇಶ ಇದಕ್ಕೆ ಒಳ್ಳೆಯ ಮಾದರಿ. ಆಟೊ ತಡವಾಗಿ ಬಂದರೂ ಪ್ರಯಾಣಿಕ ಊರು ತಲುಪಿದ್ದಾನೆ, ಆದ್ದರಿಂದ ಬಾಡಿಗೆಯನ್ನೆಲ್ಲ ಮರಳಿಸಿ ಎನ್ನಲಿಲ್ಲ, ಮಾತು ಕೊಟ್ಟ ಐವತ್ತು ರೂಪಾಯಿಯನ್ನು ಕೊಡಿ ಎಂದಿತು. ಅದೇ ರೀತಿ ಚೆನ್ನಾಗಿ ನಡೆದ ಮಿಕ್ಸರಿನ ಬೆಲೆ ವಾಪಸಾಗಬೇಕಿಲ್ಲ. 750 ವ್ಯಾಟ್ ಎಂದು ಹೇಳಿ 500 ವ್ಯಾಟಿನದನ್ನು ಕೊಟ್ಟಿದ್ದರೆ ಆ ಎರಡರ ಬೆಲೆಯ ವ್ಯತ್ಯಾಸ ವಾಪಸಾಗಬೇಕು. ಸರಕು ನಿಷ್ಪ್ರಯೋಜಕವಾಗಿದ್ದರೆ ಮಾತ್ರ ಪೂರ್ತಿ ಬೆಲೆ. ನಷ್ಟವನ್ನು ನಿಖರವಾಗಿ ಲೆಕ್ಕ ಹಾಕಲಾಗದ ಕಡೆ ಸಮಂಜಸವಾದ ಅಂದಾಜು ಸಾಕು, ಆ ಅಂದಾಜು ತಪ್ಪೆಂದು ತೋರಿಸುವ ಹೊಣೆ ದಾಖಲೆಗಳನ್ನು ಇಟ್ಟುಕೊಂಡಿರುವ ಕಂಪನಿಯದಾಗಲಿ.

ಮೇಲ್ಮನವಿಯ ಬಗ್ಗೆಯೂ ಒಂದು ಮಾತು. ಸೆಕ್ಷನ್ 24ರಡಿ ಪ್ರಾಧಿಕಾರದ ಆದೇಶದ ವಿರುದ್ಧ 30 ದಿನಗಳೊಳಗೆ ರಾಷ್ಟ್ರೀಯ ಆಯೋಗಕ್ಕೆ ಹೋಗಬಹುದು. ಆದ್ದರಿಂದ ಒಂದೇ ಸೂರಿನ ದೂರು ಪೂರ್ತಿ ಸರಿಯಲ್ಲ, ಹೊರಗಿನ ನ್ಯಾಯಾಂಗದ ಕಣ್ಣು ಇದ್ದೇ ಇದೆ. ಜಿಲ್ಲಾ ಆಯೋಗದ ಆದೇಶದ ವಿರುದ್ಧ ಮೇಲ್ಮನವಿ ಹೋಗುವವರು ಮೊತ್ತದ ಶೇಕಡಾ 50ನ್ನು ಠೇವಣಿ ಇಡಬೇಕೆಂದು ಸೆಕ್ಷನ್ 41ರಲ್ಲಿದೆ. ಮರುಪಾವತಿಯ ಆದೇಶಗಳಿಗೂ ಅಂಥದೊಂದು ನಿಯಮ ಬಂದರೆ, ತಡೆಯಾಜ್ಞೆ ತಂದು ಹಣ ಸಾಗಿಸುವ ದಾರಿ ಬಹಳಮಟ್ಟಿಗೆ ಮುಚ್ಚುತ್ತದೆ.

ಸಣ್ಣ ಉದ್ಯಮಿ:

ನಷ್ಟವೇ ಅಳತೆಗೋಲು ಎಂದಾದರೆ ನನ್ನ ಅರ್ಧ ವಿರೋಧ ಕರಗುತ್ತದೆ. ಪ್ರಾಮಾಣಿಕವಾಗಿ ಹೇಳುವುದಾದರೆ, 500 ವ್ಯಾಟನ್ನು 750 ಎಂದು ಮಾರುವವನಿಂದ ಮೊದಲು ಪೆಟ್ಟು ತಿನ್ನುವುದು ನಿಜ ಹೇಳಿ ಮಾರುವ ನಮ್ಮಂಥವರೇ. ಅವನ ಬೆಲೆಗೆ ನಾವು ಕೊಡಲಾಗುವುದಿಲ್ಲ.

ಉಳಿದರ್ಧಕ್ಕೆ ನನ್ನ ಷರತ್ತುಗಳಿವೆ. ಖಾತೆಯನ್ನು ಮುಟ್ಟದಂತೆ ತಡೆಯುವ ಆದೇಶವನ್ನು ಪ್ರಾಧಿಕಾರ ತಾನೇ ಕೊಡಬಾರದು, ರಾಷ್ಟ್ರೀಯ ಆಯೋಗದಿಂದ ಪಡೆಯಬೇಕು, ಸಂಬಳ ಮತ್ತು ಕಚ್ಚಾಮಾಲಿನ ಪಾವತಿಗೆ ಅದರಲ್ಲಿ ವಿನಾಯಿತಿ ಇರಬೇಕು. ಖಾತೆ ಸ್ಥಗಿತಗೊಂಡ ಘಟಕ ತಪ್ಪಿಲ್ಲವೆಂದು ಸಾಬೀತಾಗುವ ಹೊತ್ತಿಗೆ ಉಳಿದಿರುವುದಿಲ್ಲ. ವ್ಯಕ್ತಿಗತ ದೂರಿಗೆ ಸೆಕ್ಷನ್ 69ರಲ್ಲಿ ಎರಡು ವರ್ಷದ ಕಾಲಮಿತಿ ಇದೆ. ಇದಕ್ಕೂ ಒಂದು ಕಾಲಮಿತಿ ಬೇಕು. ಹತ್ತು ವರ್ಷದ ಹಿಂದಿನ ಲೆಕ್ಕಪುಸ್ತಕ ತೆಗೆಯಿರಿ ಎಂದರೆ ಯಾರಿಂದಲೂ ಆಗದು.

ನಿವೃತ್ತ ಶಿರಸ್ತೇದಾರ:

ಆಯೋಗದಿಂದ ತಡೆ ಪಡೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಮೊದಲ ಕೆಲವು ದಿನಗಳ ಮಟ್ಟಿಗೆ, ಎದುರು ಪಕ್ಷಕ್ಕೆ ನೋಟಿಸು ಕೊಡದೆಯೇ ತಡೆ ಸಿಗುವ ಅವಕಾಶವಿರಲಿ. ಮೊದಲೇ ತಿಳಿಸಿ ಹೋದರೆ ಖಾತೆಯಲ್ಲಿ ಏನೂ ಉಳಿದಿರುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊಸಪೇಟೆಯ ಓದುಗ:

ಕಂಪನಿ ದಿವಾಳಿಯಾಗಿದ್ದರೆ ಏನು ಗತಿ? ಅಧಿಕಾರವಿದ್ದರೂ ಅಲ್ಲಿ ಹಣವೇ ಇರುವುದಿಲ್ಲವಲ್ಲ.

ವಕೀಲಮಿತ್ರ:

ಅಮೆರಿಕದಲ್ಲಿ ಗ್ರಾಹಕರ ಹಣಕಾಸು ರಕ್ಷಣೆಗೆಂದು ಇರುವ ಬ್ಯೂರೋ, ಬೇರೆ ಬೇರೆ ಪ್ರಕರಣಗಳಲ್ಲಿ ವಸೂಲಾದ ದಂಡವನ್ನು ಒಂದು ನಿಧಿಗೆ ಹಾಕಿ, ತಪ್ಪಿತಸ್ಥರಿಂದ ಏನೂ ಗಿಟ್ಟದ ಸಂತ್ರಸ್ತರಿಗೆ ಅದರಿಂದ ಪಾವತಿಸುವ ವ್ಯವಸ್ಥೆಯಿದೆ. ನಮ್ಮಲ್ಲಿ ಗ್ರಾಹಕ ಕಲ್ಯಾಣ ನಿಧಿ ಈಗಾಗಲೇ ಇದೆ. ಸೆಕ್ಷನ್ 21ರ ದಂಡವನ್ನು ಅದಕ್ಕೆ ಜಮೆ ಮಾಡಿ, ಇಂಥ ಸಂದರ್ಭಕ್ಕೆ ಮೀಸಲಿಡಬೇಕೆಂದು ಕೇಳಬಹುದು. ಪೂರ್ತಿ ನಷ್ಟ ತುಂಬುವುದಿಲ್ಲ, ಚಿಕ್ಕ ಮೊತ್ತ ಕಳೆದುಕೊಂಡವರಿಗಾದರೂ ಮೊದಲು ಸಿಗುತ್ತದೆ. ಬ್ರಿಟನ್ನಿನ ಮಾತನ್ನೂ ಇಲ್ಲಿ ಸೇರಿಸುತ್ತೇನೆ: 2024ರಲ್ಲಿ ಬಂದ ಹೊಸ ಕಾಯ್ದೆಯಡಿ ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ 2025ರ ಏಪ್ರಿಲ್ 6ರಿಂದ ನ್ಯಾಯಾಲಯಕ್ಕೆ ಹೋಗದೆಯೇ ಗ್ರಾಹಕರಿಗೆ ಪರಿಹಾರ ಕೊಡಿಸಬಹುದು, ಜಾಗತಿಕ ವಹಿವಾಟಿನ ಶೇಕಡಾ 10ರವರೆಗೆ ದಂಡವನ್ನೂ ವಿಧಿಸಬಹುದು. ನಾವು ಕೇಳುತ್ತಿರುವುದು ಯಾರೂ ಕಾಣದ ಅಧಿಕಾರವಲ್ಲ.

ತುಂಗಾತೀರ:

ಎಲ್ಲರ ಮಾತನ್ನೂ ಓದಿದ ಮೇಲೆ ಮನವಿಯ ಕರಡನ್ನು ಹೀಗೆ ಬದಲಿಸಿದ್ದೇನೆ. ಸೆಕ್ಷನ್ 20ಕ್ಕೆ ಹೊಸ ಉಪವಾಕ್ಯ ಸೇರಿಸಿ, ಅನ್ಯಾಯದ ವ್ಯಾಪಾರ ಪದ್ಧತಿಯಿಂದ ಅಥವಾ ದಾರಿ ತಪ್ಪಿಸುವ ಜಾಹೀರಾತಿನಿಂದ ಗ್ರಾಹಕರ ಸಮೂಹಕ್ಕೆ ಆದ ನಷ್ಟವನ್ನು, ದೂರು ಕೊಟ್ಟವರಿಗೂ ಕೊಡದವರಿಗೂ, ಪಾವತಿ ಬಂದ ದಾರಿಯಲ್ಲೇ ಬಡ್ಡಿಸಹಿತ ಮರಳಿಸುವಂತೆ ಆದೇಶಿಸುವ ಅಧಿಕಾರವನ್ನು ಕೇಳಿದ್ದೇನೆ. ಮೊತ್ತವು ಗ್ರಾಹಕರ ನಷ್ಟವನ್ನು ಮೀರಬಾರದೆಂಬ ಮಾತನ್ನು ಅದೇ ವಾಕ್ಯದಲ್ಲಿ ಇಟ್ಟಿದ್ದೇನೆ. ದಾಖಲೆ ಉಳಿಸುವ ಮತ್ತು ಪಟ್ಟಿ ಕೊಡುವ ಹೊಣೆ, ರಾಷ್ಟ್ರೀಯ ಆಯೋಗದ ಮೂಲಕ ಖಾತೆಗೆ ತಡೆ, ಮೊದಲ ಹದಿನೈದು ದಿನ ನೋಟಿಸಿಲ್ಲದ ತಡೆ, ಸಂಬಳಕ್ಕೆ ವಿನಾಯಿತಿ, ಸೆಬಿಯ ಮಾದರಿಯ ವಸೂಲಾತಿ ಅಧಿಕಾರಿ, ಮೇಲ್ಮನವಿಗೆ ಅರ್ಧ ಠೇವಣಿ, ಇವೆಲ್ಲ ಅದರ ಹಿಂದೆಯೇ ಬರುತ್ತವೆ. ಖಾತೆ ಮುಚ್ಚಿಹೋಗಿ ಹಣ ತಲುಪಿಸಲಾಗದ ಗ್ರಾಹಕರ ಪಾಲು ಕಂಪನಿಗೆ ಮರಳದೆ ಗ್ರಾಹಕ ಕಲ್ಯಾಣ ನಿಧಿಗೆ ಹೋಗಬೇಕು, ಅವರು ನಂತರ ಬಂದು ಕೇಳಿದರೆ ಅಲ್ಲಿಂದ ಕೊಡಬೇಕು.

ಕಾಲಮಿತಿಯನ್ನು ಮಾತ್ರ ಎರಡು ವರ್ಷಕ್ಕೆ ಇಳಿಸಲು ನನಗೆ ಒಪ್ಪಿಗೆಯಿಲ್ಲ. ಒಬ್ಬ ಗ್ರಾಹಕನಿಗೆ ತನ್ನ ನಷ್ಟ ಆ ದಿನವೇ ತಿಳಿಯಬಹುದು, ಲಕ್ಷಾಂತರ ಬಿಲ್ಲುಗಳಲ್ಲಿ ಹರಡಿರುವ ಒಂದು ಪದ್ಧತಿ ಬೆಳಕಿಗೆ ಬರಲು ವರ್ಷಗಳೇ ಹಿಡಿಯುತ್ತವೆ. ಪದ್ಧತಿ ನಿಂತ ದಿನದಿಂದ ಐದು ವರ್ಷ ಎಂದು ಬರೆದಿದ್ದೇನೆ. ಸಣ್ಣ ಉದ್ಯಮಿಗಳು ಇದಕ್ಕೆ ತಮ್ಮ ಭಿನ್ನಮತವನ್ನು ಒಂದು ಪುಟದಲ್ಲಿ ಬರೆದುಕೊಟ್ಟರೆ ಅದನ್ನೂ ಮನವಿಯ ಜೊತೆಗೆ ಲಗತ್ತಿಸುತ್ತೇನೆ.

ಸಣ್ಣ ಉದ್ಯಮಿ:

ಬರೆದು ಕೊಡುತ್ತೇನೆ. ಮೂರು ವರ್ಷ ಎಂಬುದು ನನ್ನ ವಾದ, ಕಾರಣಗಳನ್ನು ಅದರಲ್ಲೇ ಹೇಳುತ್ತೇನೆ. ಉಳಿದ ಭಾಗಕ್ಕೆ ನನ್ನ ಸಹಿಯನ್ನೂ ಸೇರಿಸಿಕೊಳ್ಳಿ.